ಆಲ್ ಸ್ಟಾರ್ ತಂಡಕ್ಕೆ ಒಂದು ಬಲಗೈ

ಜುಲೈ ಬಂತೆಂದರೆ ನನ್ನ ಹೆಂಡತಿ ಟೀವಿಯ ರಿಮೋಟನ್ನು ಬಚ್ಚಿಡುತ್ತಾಳೆ. ಬೇಸ್‌ಬಾಲಿನ ಆಲ್ ಸ್ಟಾರ್ ಪಂದ್ಯ ನಡೆಯುವ ತಿಂಗಳು ಅದು. ಅಮೆರಿಕದ ಎಲ್ಲ ತಂಡಗಳಿಂದ ಅತ್ಯುತ್ತಮ ಆಟಗಾರರನ್ನು ಹೆಕ್ಕಿ, ಎರಡು ತಂಡ ಮಾಡಿ ಆಡಿಸುತ್ತಾರೆ. ಯಾರನ್ನು ಹೆಕ್ಕಿದರು, ಯಾರನ್ನು ಬಿಟ್ಟರು ಎಂದು ಸೂಟು ತೊಟ್ಟವರು ಟೀವಿಯಲ್ಲಿ ಕೂತು ಗಂಟೆಗಟ್ಟಲೆ ಚರ್ಚಿಸುತ್ತಾರೆ. ನಾನು ಸೋಫಾದ ಮೇಲಿಂದಲೇ ಅವರಿಗೆ ಬಾಯಿಗೆ ಬಂದಂತೆ ಬೈಯುತ್ತೇನೆ. ರಕ್ತದೊತ್ತಡದ ಮಾತ್ರೆ ನುಂಗುವ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಅವಳು ಕೇಳುತ್ತಾಳೆ.

ಬೇಡ, ಒಪ್ಪಿದೆ. ಆದರೆ ಆ ಆಯ್ಕೆಯ ರೀತಿ ನೋಡಿದರೆ ಮೈ ಉರಿಯುತ್ತದೆ. ಜನ ಓಟು ಹಾಕುವುದು ಹೆಸರಿಗೆ, ಆಟಕ್ಕಲ್ಲ. ಹೋದ ವರ್ಷ ಮೆರೆದು ಈ ವರ್ಷ ಕುಂಟುತ್ತಿರುವವನು ಸಲೀಸಾಗಿ ಒಳಗೆ ಬರುತ್ತಾನೆ. ಪ್ರತಿ ತಂಡದಿಂದ ಒಬ್ಬನಾದರೂ ಇರಲೇಬೇಕೆಂಬ ನಿಯಮ ಬೇರೆ, ಹಾಗಾಗಿ ಸೋತು ಸುಣ್ಣವಾದ ತಂಡದ ಒಬ್ಬನಿಗೆ ಜಾಗ ಸಿಕ್ಕಿ ಯೋಗ್ಯನೊಬ್ಬ ಮನೆಯಲ್ಲಿ ಕೂರುತ್ತಾನೆ. ಇಷ್ಟಾದ ಮೇಲೆ ಉಳಿದ ಜಾಗಗಳಿಗೆ ತಂಡ ನಡೆಸುವ ಮ್ಯಾನೇಜರು ತನಗೆ ಬೇಕಾದವರನ್ನು ತುಂಬಿಕೊಳ್ಳುತ್ತಾನೆ.

ಎಂಬತ್ತರ ದಶಕದಲ್ಲಿ ಓಕ್ಲ್ಯಾಂಡಿನ ಸ್ಟೇಡಿಯಮ್ಮಿಗೆ ಹೋದರೆ ಓಟಿನ ಚೀಟಿಗಳನ್ನು ಕಟ್ಟುಕಟ್ಟಾಗಿ ಇಟ್ಟಿರುತ್ತಿದ್ದರು. ಬೇಕಾದಷ್ಟು ಎತ್ತಿಕೊಳ್ಳಬಹುದಿತ್ತು. ಹೆಸರಿನ ಪಕ್ಕದ ಚುಕ್ಕೆಯನ್ನು ಚುಚ್ಚಿ ತೂತು ಮಾಡಿದರೆ ಓಟು ಬಿದ್ದ ಹಾಗೆ. ಅಪ್ಪ ಕೈತುಂಬ ಚೀಟಿ ತಂದು ಊಟದ ಮೇಜಿನ ಮೇಲೆ ಸುರಿಯುತ್ತಿದ್ದರು. ಅಮ್ಮ ತಲೆಪಿನ್ನು ತೆಗೆದು ಚುಚ್ಚುತ್ತಿದ್ದಳು. ಅವಳು ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಯಾವ ಹೆಸರು ಬಾಯಲ್ಲಿ ಸುಲಭವಾಗಿ ಹೊರಳುತ್ತದೋ ಅವನಿಗೆ ಅವಳ ಓಟು. ಪುಟ್ಟ ತಂಗಿ ತೂತುಗಳಲ್ಲೇ ಹೂವಿನ ಚಿತ್ರ ಬಿಡಿಸುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಅದು ದೊಡ್ಡವರ ಆಟ, ದೂರದ ತಮಾಷೆ. ಊರಿನ ಮಕ್ಕಳ ಲೀಗಿನಲ್ಲೂ ಒಂದು ಆಲ್ ಸ್ಟಾರ್ ತಂಡವಿರುತ್ತದೆ, ಅದಕ್ಕೂ ಆಯ್ಕೆ ನಡೆಯುತ್ತದೆ. ಅಲ್ಲಿ ತಮಾಷೆಯೇನೂ ಇಲ್ಲ ಎಂದು ತಿಳಿಯುವಷ್ಟರಲ್ಲಿ ನನ್ನ ಬಲಗೈ ಕೆಟ್ಟುಹೋಗಿತ್ತು.

ಆಗ ನಾವು ಓಕ್ಲ್ಯಾಂಡಿನ ದಕ್ಷಿಣಕ್ಕಿರುವ ಮಿಲ್ಪಿಟಾಸ್ ಎಂಬ ಊರಿನಲ್ಲಿದ್ದೆವು. ಅಪ್ಪ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರು. ಮೈಸೂರಿನಿಂದ ಬಂದಾಗ ನನಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲವಂತೆ. ತಂಗಿ ಇಲ್ಲಿಯೇ ಹುಟ್ಟಿದವಳು. ಬೇಸಿಗೆಯ ಸಂಜೆ ಕೊಲ್ಲಿಯ ಕಡೆಯಿಂದ ಗಾಳಿ ತಿರುಗಿದರೆ ಕೊಳೆತ ಕೆಸರಿನ ವಾಸನೆ ಊರಿಡೀ ತುಂಬುತ್ತಿತ್ತು. ಪೂರ್ವದ ಗುಡ್ಡಗಳ ಹುಲ್ಲು ಒಣಗಿ, ಒಂದು ಕಿಡಿ ಬಿದ್ದರೆ ಸಾಕೆಂಬಂತೆ ಕಾಯುತ್ತಿರುತ್ತಿತ್ತು. ಅಮ್ಮನಿಗೆ ಆ ವಾಸನೆ, ಆ ಗುಡ್ಡ ಎರಡೂ ಆಗಿಬರುತ್ತಿರಲಿಲ್ಲ. ಸಂಜೆಯಾದರೆ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತಿದ್ದಳು.

ನಾನು ಪಿಚರ್ ಆಗಿದ್ದೆ, ಅಂದರೆ ಮೈದಾನದ ನಡುವಿನ ಮಣ್ಣಿನ ದಿಣ್ಣೆಯ ಮೇಲೆ ನಿಂತು ಚೆಂಡೆಸೆಯುವವನು. ಕ್ರಿಕೆಟ್ಟಿನ ಬೌಲರ್ ತೋಳನ್ನು ನೆಟ್ಟಗಿಟ್ಟುಕೊಳ್ಳಬೇಕು. ಇಲ್ಲಿ ಮೊಣಕೈಯನ್ನು ಮಡಚಿ, ಚಾಟಿಯಂತೆ ಬೀಸಬೇಕು. ಕ್ರಿಕೆಟ್ ಆಡಿ ಬೆಳೆದ ಅಪ್ಪನಿಗೆ ಮೊದಮೊದಲು ಅದನ್ನು ನೋಡಿದರೆ ಹಿಂಸೆಯಾಗುತ್ತಿತ್ತು. "ಇದೆಲ್ಲಾ ನೋಬಾಲು ಕಣೋ" ಎನ್ನುತ್ತಿದ್ದರು. ಆಮೇಲೆ ನಾನು ಎಸೆದ ಚೆಂಡು ಹುಡುಗರ ಬ್ಯಾಟಿಗೆ ಸಿಗದಿರುವುದನ್ನು ಕಂಡರು, ಬೆಂಚಿನ ಮೇಲೆ ಕೂತ ಬೇರೆ ಅಪ್ಪಂದಿರು ಅವರ ಬೆನ್ನು ತಟ್ಟತೊಡಗಿದರು, ನೋಬಾಲಿನ ಮಾತು ಅಲ್ಲಿಗೆ ನಿಂತಿತು. ಆಫೀಸಿನಲ್ಲಿ ಯಾರೂ ತಟ್ಟದ ಬೆನ್ನು ಅದು. ಆ ಸಂತೋಷವನ್ನು ನಾನು ಇವತ್ತಿಗೂ ಅವರಿಂದ ಕಿತ್ತುಕೊಳ್ಳಲಾರೆ.

ಜೂನ್ ತಿಂಗಳಲ್ಲಿ ಲೀಗು ಮುಗಿದ ಮೇಲೆ ಎಲ್ಲ ತಂಡಗಳ ಮ್ಯಾನೇಜರುಗಳು ಪಿಜ್ಜಾ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಊರಿನ ಆಲ್ ಸ್ಟಾರ್ ತಂಡ ಅಲ್ಲಿ ಹುಟ್ಟುತ್ತಿತ್ತು. ಆ ತಂಡ ಜುಲೈನಲ್ಲಿ ಬೇರೆ ಬೇರೆ ಊರುಗಳ ತಂಡಗಳೊಂದಿಗೆ ಆಡಬೇಕು. ಲೀಗು ಗೆದ್ದ ತಂಡದ ಮ್ಯಾನೇಜರೇ ಆಲ್ ಸ್ಟಾರ್ ತಂಡಕ್ಕೂ ಮ್ಯಾನೇಜರ್, ಅದು ಪದ್ಧತಿ. ಅಪ್ಪ ನಮ್ಮ ತಂಡಕ್ಕೆ ಸ್ಕೋರು ಬರೆಯುತ್ತಿದ್ದುದರಿಂದ ಅವರಿಗೂ ಆ ಕೋಣೆಯಲ್ಲಿ ಒಂದು ಕುರ್ಚಿ ಸಿಕ್ಕಿತು. ಓಟು ಮಾತ್ರ ಇರಲಿಲ್ಲ.

ಅವರು ಮನೆಗೆ ಬಂದಾಗ ಮುಖ ಅರಳಿತ್ತು. ಊಟಕ್ಕೆ ಕೂತು ಎಲ್ಲವನ್ನೂ ಹೇಳಿದರು. ಪ್ರತಿಯೊಬ್ಬ ಮ್ಯಾನೇಜರನ ಸ್ವಂತ ಮಗ ಓಟಿಲ್ಲದೆಯೇ ಒಳಗೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲವಂತೆ, ಹಾಗೇ ಆಗಿಹೋಯಿತಂತೆ. ಆಮೇಲೆ ನೀನು ನನ್ನವನಿಗೆ ಹಾಕು, ನಾನು ನಿನ್ನವನಿಗೆ ಹಾಕುತ್ತೇನೆ ಎಂಬ ಕೊಡು ಕೊಳ್ಳುವ ವ್ಯವಹಾರ. ಇಡೀ ಲೀಗಿನಲ್ಲಿ ಅತಿ ಚುರುಕಾಗಿ ಚೆಂಡು ಹಿಡಿಯುತ್ತಿದ್ದ ಹುಡುಗನ ಹೆಸರು ಬಂದಾಗ, ಅವನ ತಾಯಿ ಶಿಫ್ಟಿನಲ್ಲಿ ಕೆಲಸ ಮಾಡುತ್ತಾಳೆ, ಅವನನ್ನು ಪ್ರಾಕ್ಟೀಸಿಗೆ ಕರೆತರುವವರಿಲ್ಲ ಎಂದು ಯಾರೋ ಅಂದರಂತೆ. ಅಲ್ಲಿಗೆ ಅವನ ಕಥೆ ಮುಗಿಯಿತು.

"ಮತ್ತೆ ನಮ್ಮವನು?" ಅಂದಳು ಅಮ್ಮ.

"ಅದೇ ಹೇಳ್ತಾ ಇರೋದು! ಬೇರೆ ಯಾರೂ ಬಾಯಿ ತೆಗೆಯೋ ಮುಂಚೆ, ಲೀಗು ಗೆದ್ದಿದ್ನಲ್ಲ, ಆ ಮ್ಯಾನೇಜರೇ ಕೇಳ್ದ. ನಂಗೆ ಇವ್ರ ಹುಡುಗ ಬೇಕೇ ಬೇಕು ಅಂದ. ಎಷ್ಟು ಹೊತ್ತು ಎಸೆದ್ರೆ ಸುಸ್ತಾಗ್ತಾನೆ ಅಂತ ನನ್ನ ಕೇಳ್ದ. ಸುಸ್ತು ಅನ್ನೋದೇ ಗೊತ್ತಿಲ್ಲ ಅಂದೆ."

"ಯಾಕೆ ಬೇಕಂತೆ?"

"ಯಾಕೆ ಅಂದ್ರೆ ಏನೇ? ಚೆನ್ನಾಗಿ ಎಸೀತಾನೆ, ಅದಕ್ಕೆ."

"ಅವನ ಮಗನೂ ಚೆಂಡು ಎಸೆಯೋನೇ ಅಲ್ವಾ?" ಅಂದಳು ಅಮ್ಮ. ಅಪ್ಪನಿಗೆ ಆ ಪ್ರಶ್ನೆ ಇಷ್ಟವಾಗಲಿಲ್ಲ. ಸಾರು ಬಡಿಸು ಎಂದರು.

ಆ ಪ್ರಶ್ನೆಗೆ ಅವತ್ತೇ ಯಾರಾದರೂ ಉತ್ತರ ಹುಡುಕಿದ್ದರೆ ಎಂದು ಈಗ ಅನಿಸುತ್ತದೆ. ಅವತ್ತು ನನಗೂ ಬೇಕಿರಲಿಲ್ಲ. ಎದೆಯ ಮೇಲೆ ಊರಿನ ಹೆಸರಿರುವ ಅಂಗಿ ಸಿಗುತ್ತದೆ ಎಂಬ ಖುಷಿಯಲ್ಲಿ ನನಗೆ ಊಟವೇ ಸೇರಲಿಲ್ಲ. ಆ ವಾರವೇ ಯಾರದೋ ಮನೆಯ ಪಾಟ್‌ಲಕ್ಕಿನಲ್ಲಿ, ಅಂದರೆ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಊಟದಲ್ಲಿ, ಅಪ್ಪ ಕನ್ನಡದವರಿಗೆಲ್ಲ ಸಾರಿದರು. "ಇಂಡಿಯನ್ ಹುಡುಗ ಅಂದ್ರೆ ಸ್ಪೆಲಿಂಗು, ಮ್ಯಾತ್ಸು ಅಷ್ಟೇ ಅಂದ್ಕೊಂಡಿದ್ರಲ್ಲಾ" ಎಂದು ಒಬ್ಬರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಎರಡು ಮನೆಯವರು ಪಂದ್ಯ ನೋಡಲು ಬರುತ್ತೇವೆಂದು ಮಾತು ಕೊಟ್ಟರು.

ಮ್ಯಾನೇಜರು ದೊಡ್ಡ ಆಳು. ಮನೆಗಳಿಗೆ ಹೀಟರು, ಏರ್ ಕಂಡಿಷನರು ಹಾಕಿಕೊಡುವ ವ್ಯಾಪಾರ ಅವನದು. ಅವನು ಕೆಟ್ಟ ಬಾಯಿಯವನಾಗಿದ್ದರೆ, ಕಿರುಚುವವನಾಗಿದ್ದರೆ ಅಮ್ಮ ಮೊದಲ ದಿನವೇ ನನ್ನನ್ನು ವಾಪಸು ಕರೆದೊಯ್ಯುತ್ತಿದ್ದಳು. ಅವನು ಒಂದು ಸಲವೂ ದನಿ ಎತ್ತಿದವನಲ್ಲ. ಎಲ್ಲರನ್ನೂ ಮಗನೇ ಎಂದೇ ಕರೆಯುತ್ತಿದ್ದ. ವ್ಯಾನಿನ ಹಿಂದೆ ಐಸಿನ ಡಬ್ಬಿಯಲ್ಲಿ ತಣ್ಣನೆಯ ಜ್ಯೂಸು ತರುತ್ತಿದ್ದ. ಮೊದಲ ಪ್ರಾಕ್ಟೀಸಿನ ದಿನ ನನ್ನ ಬಲತೋಳನ್ನು ಹಿಡಿದು, ಭುಜದಿಂದ ಮಣಿಕಟ್ಟಿನವರೆಗೆ ಒತ್ತಿ ಒತ್ತಿ ನೋಡಿದ, ಸಂತೆಯಲ್ಲಿ ಹೋರಿ ಕೊಳ್ಳುವವರ ಹಾಗೆ. ಆಮೇಲೆ ನಕ್ಕು, ಒಳ್ಳೆಯ ತೋಳು ಮಗನೇ ಎಂದ.

ಪಂದ್ಯದಲ್ಲಿ ಒಬ್ಬ ಹುಡುಗ ಎಷ್ಟು ಎಸೆಯಬಹುದು ಎನ್ನುವುದಕ್ಕೆ ಲೀಗಿನಲ್ಲಿ ನಿಯಮವಿತ್ತು. ಪ್ರಾಕ್ಟೀಸಿಗೆ ಯಾವ ನಿಯಮವೂ ಇರಲಿಲ್ಲ. ಪ್ರತಿದಿನ ಸಂಜೆ ಇಡೀ ತಂಡ ಒಬ್ಬರ ಹಿಂದೊಬ್ಬರಂತೆ ಬ್ಯಾಟು ಹಿಡಿದು ಬರುವುದು, ನಾನು ಎಲ್ಲರಿಗೂ ಎಸೆಯುವುದು. ಸರದಿ ಮುಗಿದರೆ ಮತ್ತೆ ಮೊದಲಿನಿಂದ. ಕತ್ತಲಾಗಿ ಚೆಂಡು ಕಾಣದಂತಾದಾಗ ಮಾತ್ರ ನಿಲ್ಲಿಸುತ್ತಿದ್ದರು. ಮ್ಯಾನೇಜರನ ಮಗ ಒಂದಿಷ್ಟು ಎಸೆದು ಬೆಂಚಿಗೆ ಹೋಗುತ್ತಿದ್ದ. ಅವನ ಅಪ್ಪ ತಾನೇ ಹೋಗಿ ಅವನ ತೋಳಿಗೆ ಜಾಕೆಟ್ ಹೊದಿಸುತ್ತಿದ್ದ, ಬೇಸಿಗೆಯ ಆ ಧಗೆಯಲ್ಲಿ. ನನಗೆ ಅದನ್ನು ನೋಡಿ ಹೆಮ್ಮೆಯಾಗುತ್ತಿತ್ತು. ಅವನು ಕೂತಿದ್ದಾನೆ, ನಾನು ಇನ್ನೂ ಎಸೆಯುತ್ತಿದ್ದೇನೆ, ಅಂದರೆ ನಾನೇ ಮೇಲು ಎಂದುಕೊಂಡಿದ್ದೆ.

ನೋವು ಶುರುವಾದದ್ದು ಮೊಣಕೈಯ ಒಳಬದಿಯಲ್ಲಿ. ಹುಳುಕು ಹಲ್ಲಿನ ನೋವಿನ ಹಾಗೆ, ಮೊದಲು ಆಗಾಗ, ಆಮೇಲೆ ಇಡೀ ದಿನ. ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಲಗೈ ಬಾಯಿಯವರೆಗೆ ಬರಬೇಕಾದರೆ ಮೊಣಕೈ ಎಷ್ಟು ಮಡಚಬೇಕು ಎಂದು ಯಾರೂ ಯೋಚಿಸುವುದಿಲ್ಲ. ನನಗೆ ಅದು ಪ್ರತಿ ತುತ್ತಿಗೂ ಗೊತ್ತಾಗತೊಡಗಿತು. ಯಾರಿಗೂ ಹೇಳಲಿಲ್ಲ. ತಂಡದಲ್ಲಿ ಒಬ್ಬ ಹುಡುಗ ಹಿಮ್ಮಡಿ ನೋವೆಂದು ಹೇಳಿದ ಮಾರನೆಯ ದಿನವೇ ಅವನ ಜಾಗದಲ್ಲಿ ಇನ್ನೊಬ್ಬ ಬಂದು ನಿಂತಿದ್ದ. ಮ್ಯಾನೇಜರು ಆ ಹುಡುಗನಿಗೆ ತುಂಬ ಮೃದುವಾಗಿ, ಮನೆಗೆ ಹೋಗಿ ವಿಶ್ರಾಂತಿ ತಗೋ ಮಗನೇ ಎಂದಿದ್ದ.

ನಾನು ಎಡಗೈಯಲ್ಲಿ ಚಮಚ ಹಿಡಿದೆ. ಅಮ್ಮ ನೋಡಿದಳು.

ನಮ್ಮ ಮನೆಯಲ್ಲಿ ಎಡಗೈ ಊಟ ಎಂದರೆ ಏನು ಎಂದು ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಅಮ್ಮ ಎಷ್ಟೋ ಸಂಗತಿಗಳನ್ನು ಬಿಟ್ಟುಕೊಟ್ಟಿದ್ದಳು. ಮಡಿ ಹೋಗಿತ್ತು, ಕುಂಕುಮ ಸ್ಟಿಕ್ಕರಾಗಿತ್ತು, ಪ್ಯಾಂಟು ಹಾಕಿ ಗ್ರೋಸರಿಗೆ ಹೋಗುತ್ತಿದ್ದಳು. ಊಟದ ಕೈಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಏನೋ ಇದು ದರಿದ್ರ? ಯಾವ ಕೈಲಿ ತಿಂತಿದೀಯ?"

"ಇಟ್ಸ್ ಈಸಿಯರ್, ಅಮ್ಮ" ಎಂದೆ.

"ಈಸಿಯರ್ ಅಂತೆ! ನಾಳೆ ಇನ್ನೇನೇನು ಈಸಿ ಆಗತ್ತೋ ನಿಂಗೆ. ಅದೇನು ಆ ಹುಡುಗ್ರ ಜೊತೆ ಸೇರಿ ಕಲಿತದ್ದಾ?" ಎಂದು ಚಮಚವನ್ನು ಕಿತ್ತುಕೊಂಡು ಸಿಂಕಿಗೆ ಎಸೆದಳು. ಈ ದೇಶ ಮಗನನ್ನು ಒಂದೊಂದೇ ಬೆರಳು ಹಿಡಿದು ಎಳೆದುಕೊಳ್ಳುತ್ತಿದೆ ಎನ್ನುವುದು ಅವಳ ಭಯ. ಆ ಭಯ ಅವಳ ಕಣ್ಣನ್ನು ಪೂರ್ತಿ ತುಂಬಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ.

ನಾನು ಕೈಯನ್ನು ಬಾಯಿಗೆ ತರುವ ಬದಲು ಬಾಯನ್ನೇ ಕೈಯ ಹತ್ತಿರ ಒಯ್ಯತೊಡಗಿದೆ. "ತಟ್ಟೆಗೇ ಮುಖ ಹಾಕ್ತೀಯಲ್ಲೋ, ನಾಯಿ ಥರ" ಎಂದು ಬೆನ್ನಿಗೊಂದು ಬಿತ್ತು. ತಂಗಿ ಕಿಸಕ್ಕನೆ ನಕ್ಕಳು. ಅಪ್ಪ ಮಾತ್ರ, "ಬಿಡೇ, ಆಲ್ ಸ್ಟಾರು ಅವನು, ಹಸಿದಿರ್ತಾನೆ" ಎಂದರು. ನಾನು ಅನ್ನ ಕಡಿಮೆ ಹಾಕಿಸಿಕೊಳ್ಳತೊಡಗಿದೆ. ಹಸಿವಾದರೆ ಯಾರೂ ಇಲ್ಲದಾಗ ಎಡಗೈಯಲ್ಲಿ ಬ್ರೆಡ್ಡು ತಿನ್ನುತ್ತಿದ್ದೆ.

ಮೊದಲ ಎರಡು ಪಂದ್ಯಗಳನ್ನು ಗೆದ್ದೆವು. ಎರಡರಲ್ಲೂ ನಾನೇ ಎಸೆದದ್ದು. ಮೂರನೆಯದು ದಕ್ಷಿಣದ ಗಿಲ್‌ರಾಯ್‌ನಲ್ಲಿ. ಅದನ್ನು ಗೆದ್ದರೆ ಫೈನಲ್ಲು. ಮಾತು ಕೊಟ್ಟಂತೆ ಎರಡು ಕನ್ನಡದ ಮನೆಯವರು ತಮ್ಮ ಕಾರುಗಳಲ್ಲಿ ನಮ್ಮ ಹಿಂದೆಯೇ ಬಂದರು. ಫ್ರೀವೇ ಇಳಿಯುತ್ತಿದ್ದಂತೆ ಕಿಟಕಿಯಿಂದ ಬೆಳ್ಳುಳ್ಳಿಯ ಘಾಟು ನುಗ್ಗಿತು. ಆ ಊರಿನ ಹೊಲಗಳ ತುಂಬ ಅದೇ ಬೆಳೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಬಳಸುತ್ತಿರಲಿಲ್ಲ. ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ತಂಗಿ ವಾಂತಿ ಬರುತ್ತದೆ ಎಂದಳು. ಅಪ್ಪ ಒಬ್ಬರೇ ಹುರುಪಿನಲ್ಲಿದ್ದರು.

ಮೈದಾನದ ಪಕ್ಕ ಮರದಡಿ ಚಾದರ ಹಾಸಿ ಅಮ್ಮ ಎಲ್ಲರಿಗೂ ಚಿತ್ರಾನ್ನ ಬಡಿಸಿದಳು. ಗಾಳಿ ಬೀಸುತ್ತಿತ್ತು, ಆದರೆ ಒಲೆಯ ಮುಂದೆ ಕೂತ ಹಾಗೆ ಸೆಕೆ. ನನ್ನ ಬಲಗೈ ಬೆಳಗಿನಿಂದ ಅರ್ಧ ಮಡಚಿದ ಸ್ಥಿತಿಯಲ್ಲಿಯೇ ಇತ್ತು. ಅತ್ತ ಚಾಚಲೂ ಆಗದು, ಇತ್ತ ಮಡಚಲೂ ಆಗದು. ಮರೆತು ಎಡಗೈಯಿಂದ ತುತ್ತು ಎತ್ತಿದೆ. ಬಂದವರಲ್ಲಿ ಒಬ್ಬಾಕೆ ನೋಡಿ ಇನ್ನೊಬ್ಬಾಕೆಯ ಕಡೆ ತಿರುಗಿದರು. ಅಮ್ಮನ ಮುಖ ಕೆಂಪಾಯಿತು.

"ಎಲ್ಲರ ಮುಂದೆ ನನ್ನ ಮಾನ ಕಳೀಬೇಡ್ವೋ. ಬಲಗೈಲಿ ತಿನ್ನು" ಎಂದು ಪಿಸುಗುಟ್ಟಿದಳು. ನಾನು ಅಲ್ಲಾಡಲಿಲ್ಲ. ಅವಳು ನನ್ನ ಬಲ ಮಣಿಕಟ್ಟನ್ನು ಹಿಡಿದು, ಅದರಲ್ಲಿ ಒಂದು ತುತ್ತು ಇಟ್ಟು, ಬಾಯಿಯ ಕಡೆಗೆ ತಳ್ಳಿದಳು. ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ತಳ್ಳಿದಳು. ಕೂಗಬಾರದೆಂದು ತುಟಿ ಕಚ್ಚಿದೆ, ಅನ್ನ ಚಾದರದ ಮೇಲೆ ಚೆಲ್ಲಿತು. ಅಮ್ಮ ಮಣಿಕಟ್ಟನ್ನು ಬಿಡಲಿಲ್ಲ. ಮೊಣಕೈಯನ್ನು ಬೆರಳಿನಿಂದ ಮುಟ್ಟಿದಳು. ಅದು ಊದಿಕೊಂಡು ಬಿಸಿಯಾಗಿತ್ತು.

"ಯಾವಾಗಿಂದ?" ಎಂದಳು.

ನಾನು ಉತ್ತರ ಕೊಡುವ ಮೊದಲೇ ಮ್ಯಾನೇಜರು ಶಿಳ್ಳೆ ಹಾಕಿದ. ಹುಡುಗರೆಲ್ಲ ಓಡುತ್ತಿದ್ದರು, ನಾನೂ ಓಡಿದೆ. ಹಿಂದಿನಿಂದ ಅಮ್ಮನ ದನಿ ಕೇಳಿಸುತ್ತಿತ್ತು. "ಕೈ ಮಡಚಕ್ಕೆ ಆಗ್ತಿಲ್ಲ ಕಣ್ರೀ ಅವನಿಗೆ. ನಾನು ಇಷ್ಟು ದಿನ ಬೈತಾ ಕೂತಿದ್ದೆ. ಆಡೋದು ಬೇಡ ಅನ್ರೀ."

"ಸ್ವಲ್ಪ ಹಿಡ್ಕೊಂಡಿರತ್ತೆ, ಮೈ ಬಿಸಿಯಾದ್ರೆ ಸರಿಹೋಗತ್ತೆ. ಇಷ್ಟು ಜನ ಬಂದಿದಾರೆ, ಸುಮ್ನಿರು" ಎಂದರು ಅಪ್ಪ.

ಮೈ ಬಿಸಿಯಾಯಿತು, ಸರಿಹೋಗಲಿಲ್ಲ. ನಾನು ಎಸೆದ ಚೆಂಡುಗಳು ಎತ್ತೆತ್ತಲೋ ಹೋಗುತ್ತಿದ್ದವು. ಒಂದು ಚೆಂಡು ಬ್ಯಾಟು ಹಿಡಿದವನ ತಲೆಯ ಪಕ್ಕದಲ್ಲೇ ಹಾದುಹೋಯಿತು, ಬೇಲಿಯಾಚೆ ಕೂತಿದ್ದ ಅವರ ಊರಿನವರು ಎದ್ದು ನಿಂತು ಕೂಗಿದರು. ಪ್ರತಿ ಎಸೆತದ ನಂತರ ಬೆರಳುಗಳು ಮರಗಟ್ಟಿ, ಚೆಂಡು ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನಗೆ ಭಯವಾಗತೊಡಗಿತು. ಮೈಯೊಳಗೆ ಏನೋ ಆಗಲಿದೆ, ಅದನ್ನು ನಿಲ್ಲಿಸುವವರು ಯಾರೂ ಇಲ್ಲ ಎನ್ನುವಂಥ ಭಯ. ಬೆಂಚಿನ ಮೇಲೆ ಮ್ಯಾನೇಜರನ ಮಗ ತೋಳಿಗೆ ಜಾಕೆಟ್ ಹೊದ್ದುಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ.

ಆಗ ಅಮ್ಮ ಮೈದಾನದೊಳಗೆ ಬಂದಳು. ಬಂದವರ ಎದುರು ಚೆನ್ನಾಗಿ ಕಾಣಲಿ ಎಂದು ಅವತ್ತು ಸೀರೆ ಉಟ್ಟಿದ್ದಳು. ಆಟ ನಡೆಯುವಾಗ ಬಿಳಿ ಗೆರೆ ದಾಟಿ ತಾಯಂದಿರು ಒಳಗೆ ಬರುವುದಿಲ್ಲ. ಅಂಪೈರು ಎರಡೂ ಕೈ ಎತ್ತಿ ಆಟ ನಿಲ್ಲಿಸಿದ. ಅವಳು ನೆಟ್ಟಗೆ ದಿಣ್ಣೆಗೆ ಬಂದು ನನ್ನ ಎಡಗೈ ಹಿಡಿದುಕೊಂಡಳು. ಮ್ಯಾನೇಜರು ಟೋಪಿ ತೆಗೆದು ಬಂದ.

"ಹಿಸ್ ಹ್ಯಾಂಡ್ ಈಸ್ ಸ್ಪಾಯಿಲ್ಡ್" ಎಂದಳು ಅಮ್ಮ. "ನಾಟ್ ಈಟಿಂಗ್. ಯುವರ್ ಸನ್ ಈಸ್ ಸಿಟ್ಟಿಂಗ್. ಲೆಟ್ ಹಿಮ್ ಥ್ರೋ."

ಮ್ಯಾನೇಜರು ನಿಧಾನವಾಗಿ, ಮಗುವಿಗೆ ಹೇಳುವಂತೆ, ತನ್ನ ಮಗನನ್ನು ಫೈನಲ್ಲಿಗೆ ಉಳಿಸಿಕೊಂಡಿದ್ದೇನೆ ಎಂದು ವಿವರಿಸಿದ. ಫೈನಲ್ಲಿಗೆ ಅವನ ತೋಳು ತಾಜಾ ಇರಬೇಕು ಎಂದ.

"ಅಂಡ್ ಮೈ ಸನ್?"

ಅವನಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ ಹೇಳಿದ: "ಅಲ್ಲಿಯವರೆಗೆ ಎಸೆಯುವುದಕ್ಕೇ ಮ್ಯಾಡಮ್, ಇವನನ್ನು ಆರಿಸಿಕೊಂಡದ್ದು."

ಪಿಜ್ಜಾ ಅಂಗಡಿಯ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರು ಯಾಕೆ ಬಂತು ಎಂದು ನನಗೆ ಅಲ್ಲಿ, ಆ ದಿಣ್ಣೆಯ ಮೇಲೆ ತಿಳಿಯಿತು. ಮಗನ ತೋಳನ್ನು ಉಳಿಸಲು ಇನ್ನೊಂದು ತೋಳು ಬೇಕಾಗಿತ್ತು. ಉಳಿದ ಮ್ಯಾನೇಜರುಗಳು ತಮ್ಮ ಮಕ್ಕಳನ್ನು ಹಾಗೆ ಕೊಡುತ್ತಿರಲಿಲ್ಲ. ಓಟಿಲ್ಲದ ಕುರ್ಚಿಯಲ್ಲಿ ಕೂತು, ನನ್ನ ಮಗನಿಗೆ ಸುಸ್ತೆಂಬುದೇ ಗೊತ್ತಿಲ್ಲ ಎಂದವರು ನಮ್ಮಪ್ಪ ಒಬ್ಬರೇ. ಅವಮಾನದಿಂದ ನನ್ನ ಕಿವಿ ಉರಿಯಿತು.

ಅಂಪೈರು ಬಂದು, ಈಕೆ ಹೊರಗೆ ಹೋಗದಿದ್ದರೆ ನಿಮ್ಮ ತಂಡ ಸೋತಿತೆಂದು ಬರೆಯುತ್ತೇನೆ ಎಂದ. ಬೇಲಿಯ ಕಡೆಯಿಂದ ನಮ್ಮ ತಂಡದ ಅಪ್ಪ ಅಮ್ಮಂದಿರೇ ಕೂಗತೊಡಗಿದರು. ಅಪ್ಪ ಬಿಳಿ ಗೆರೆಯವರೆಗೆ ಬಂದು, "ಬಾರೇ ಈಚೆ, ಎಲ್ಲರೂ ನೋಡ್ತಿದಾರೆ" ಎಂದರು. ಅಮ್ಮ ಕದಲಲಿಲ್ಲ. ಅಪ್ಪ ಗೆರೆ ದಾಟಿ ಬಂದರು. ನನ್ನನ್ನು ಕರೆದೊಯ್ಯಲು ಎಂದು ಒಂದು ಕ್ಷಣ ನಾನು ನಂಬಿದೆ. ಅವರು ಅಮ್ಮನ ರಟ್ಟೆ ಹಿಡಿದು ಅವಳನ್ನು ಕರೆದುಕೊಂಡು ಹೋದರು. ಅವಳು ತಿರುಗಿ ತಿರುಗಿ ನೋಡುತ್ತ ಹೋದಳು.

ಮ್ಯಾನೇಜರು ಚೆಂಡನ್ನು ತನ್ನ ಅಂಗಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಒಂದೊಂದಾಗಿ ಅದರ ಸುತ್ತ ಮಡಚಿದ. ಮುಂದಿನ ಎಸೆತದಲ್ಲಿ ಮೊಣಕೈಯೊಳಗಿನಿಂದ ಹುರುಳಿಕಾಯಿ ಮುರಿದಂತೆ ಸದ್ದು ಬಂತು. ಚೆಂಡು ನನ್ನ ಕಾಲ ಬಳಿಯೇ ಬಿತ್ತು. ಅದರ ಪಕ್ಕದಲ್ಲಿ ನಾನು ಕೂತುಬಿಟ್ಟೆ.

ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಉಡುಪಿ ಕಡೆಯ ಡಾಕ್ಟರೊಬ್ಬರಿದ್ದರು, ಅಪ್ಪನಿಗೆ ಪರಿಚಯ. ಅಲ್ಲಿಗೇ ಕರೆದೊಯ್ದರು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂತ ಮಾಡಿದ್ದು ಮಾರಾಯ್ರೆ ಇದು? ಎಲುಬಿನ ತುದಿಯೇ ಕಿತ್ತು ಬಂದಿದೆ. ಬೆಳೀತಾ ಇರುವ ಜಾಗ ಅದು. ಇದು ಇವತ್ತು ಒಂದು ದಿನದಲ್ಲಿ ಆದದ್ದಲ್ಲ. ಊಟ ಮಾಡುವಾಗ ಕೈ ಬಾಯಿಗೆ ಬರ್ತಾ ಇರ್ಲಿಕ್ಕಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಆಪರೇಷನ್ ಆಯಿತು, ಸ್ಕ್ರೂ ಹಾಕಿದರು. ಕೈ ಮಡಚುವಂತಾಯಿತು, ನೆಟ್ಟಗಾಗುವುದು ಮಾತ್ರ ಮುಗಿದುಹೋಯಿತು. ಇಂದಿಗೂ ನನ್ನ ಬಲಗೈಯನ್ನು ಪೂರ್ತಿ ಚಾಚಲಾರೆ. ಬ್ಯಾಂಡೇಜಿನ ವಾರಗಳಲ್ಲಿ ನಾನು ಎಡಗೈಯಲ್ಲೇ ಉಂಡೆ. ಅಮ್ಮ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೇ ವಾಸಿಯಿತ್ತು. ಅಪ್ಪನ ಜೊತೆಗಂತೂ ಅವಳದು ಎಷ್ಟು ಬೇಕೋ ಅಷ್ಟೇ ಮಾತು, ಉಪ್ಪು, ಸಾರು, ಬಿಲ್ಲು.

ಆ ಪಂದ್ಯವನ್ನು ನಮ್ಮ ತಂಡ ಹೇಗೋ ಗೆದ್ದಿತಂತೆ. ಫೈನಲ್ಲಿನಲ್ಲಿ ಮ್ಯಾನೇಜರನ ಮಗ ತಾಜಾ ತೋಳಿನಿಂದ ಎಸೆದು ಅದನ್ನೂ ಗೆದ್ದ. ಊರಿನ ಪತ್ರಿಕೆಯಲ್ಲಿ ಚಿತ್ರ ಬಂತು. ಲೀಗಿನವರಿಗೆ ಆಯ್ಕೆಯ ರೀತಿಯಲ್ಲಿ ತಪ್ಪೇನೂ ಕಾಣಲಿಲ್ಲ. ಗೆದ್ದ ಮೇಲೆ ತಪ್ಪು ಹುಡುಕುವವರು ಯಾರು? ಮರುವರ್ಷವೂ ಅವನಿಗೇ ತಂಡ.

ವಸಂತ ಬಂತು. ತಂಗಿಗೆ ಆಗ ಹತ್ತು ತುಂಬಿತ್ತು. ನಾನು ಬಿಟ್ಟ ಗ್ಲೌಸನ್ನು ಅವಳು ಹಾಕಿಕೊಂಡು, ಶಾಲೆಯಿಂದ ಬಂದವಳೇ ಗ್ಯಾರೇಜಿನ ಬಾಗಿಲಿಗೆ ಚೆಂಡೆಸೆದು ಹಿಡಿಯುತ್ತಿದ್ದಳು. ಧಡ್, ಧಡ್ ಎಂಬ ಸದ್ದು ಇಡೀ ಮನೆಗೆ ಕೇಳಿಸುತ್ತಿತ್ತು. ಅಮ್ಮ ಬೈದರೆ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಶುರುಮಾಡುತ್ತಿದ್ದಳು.

ಒಂದು ಸಂಜೆ ನಾವೆಲ್ಲ ಅಡುಗೆಮನೆಯಲ್ಲಿರುವಾಗ ಗೋಡೆಯ ಫೋನು ರಿಂಗಾಯಿತು. ಅಪ್ಪ ಎತ್ತಿಕೊಂಡರು. "ಓ, ಹಲೋ, ಹಲೋ" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡರು. ಯಾರೆಂದು ಆಗಲೇ ಗೊತ್ತಾಯಿತು. ನನ್ನ ಕೈ ಹೇಗಿದೆ ಎಂದು ಕೇಳಿರಬೇಕು, ಅಪ್ಪ ಪರವಾಗಿಲ್ಲ ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಕಣ್ಣು ತಂಗಿಯ ಕಡೆಗೆ ತಿರುಗಿತು.

ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹೇಳಿದರು: "ನಮ್ಮ ಬೀದೀಲಿ ವ್ಯಾನಲ್ಲಿ ಹೋಗ್ತಾ ಇದ್ನಂತೆ. ಪುಟ್ಟಿ ಎಸೆಯೋದು ನೋಡಿದ್ನಂತೆ. ಹುಡುಗಿ ಆದ್ರೂ ಪರವಾಗಿಲ್ಲ, ಇವಳ ತೋಳು ಅಣ್ಣನದಕ್ಕಿಂತ ಚೆನ್ನಾಗಿದೆ ಅಂತಾನೆ. ನನ್ನ ತಂಡಕ್ಕೆ ಸೇರಿಸಿ ಅಂತಾನೆ."

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪನ ಮುಖದಲ್ಲಿ ಒಂದು ನಗು ಏಳುತ್ತಿತ್ತು, ಅವರಿಗೇ ಗೊತ್ತಿಲ್ಲದಂತೆ, ತಡೆಯಲಾರದಂತೆ. ಅಷ್ಟೆಲ್ಲ ಆದ ಮೇಲೂ. ನಾನು ತಂಗಿಯನ್ನು ನೋಡಿದೆ. ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು, ಕಣ್ಣು ಹೊಳೆಯುತ್ತಿತ್ತು. "ಮೀ? ಹೀ ವಾಂಟ್ಸ್ ಮೀ?" ಎಂದಳು.

ಅಮ್ಮ ಒಲೆ ಬಿಟ್ಟು ಬರುವ ಮೊದಲೇ 'ಬೇಡ' ಎಂದು ನಾನು ಕೂಗಿದೆ. ಅಪ್ಪನ ಹಿಂದಿನಿಂದ ಬಲಗೈ ಚಾಚಿದೆ. ಅದು ಪೂರ್ತಿ ಚಾಚಲಿಲ್ಲ, ಹಾಗಾಗಿ ಮೈಯನ್ನೇ ಗೋಡೆಗೆ ಒತ್ತಿ ಫೋನಿನ ಕೊಕ್ಕೆಯನ್ನು ಕೆಳಕ್ಕೆ ಒತ್ತಿ ಹಿಡಿದು ಮಾತು ಕಡಿದುಹಾಕಿದೆ. ಫೋನು ಮತ್ತೆ ರಿಂಗಾಯಿತು, ನಾನು ಕೊಕ್ಕೆ ಬಿಡಲಿಲ್ಲ. ಹೊಡೆಯಲೆಂದು ಕೈ ಎತ್ತಿದ ಅಪ್ಪ ನನ್ನ ಮೊಣಕೈಯನ್ನು ನೋಡಿ ಅದನ್ನು ಇಳಿಸಿದರು.

ತಂಗಿ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು. ಹೊಟ್ಟೆಕಿಚ್ಚಿನವನು ಎಂದು ಸ್ನೇಹಿತೆಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ, ಸಾರನ್ನ ಕಲಸಿ ಬಲಗೈಯಲ್ಲಿ ತಿನ್ನುತ್ತಿದ್ದಳು. ನಾನು ಅವಳ ಮೊಣಕೈಯನ್ನೇ ನೋಡುತ್ತ ಕೂರುತ್ತಿದ್ದೆ.